ತಿನ್ನದ ಹಣ್ಣಿನ ವಾಸನೆ

ಬೆಳಿಗ್ಗೆ ಎಚ್ಚರವಾದಾಗ ಅಕ್ಕನ ಮುಖ ನನ್ನ ಮುಖದ ಹತ್ತಿರವೇ ಇತ್ತು. ನಾವಿಬ್ಬರೂ ಒಂದೇ ಹಾಸಿಗೆಯಲ್ಲಿ ಮಲಗುವವರು. ಕೋಣೆಯಲ್ಲಿ ಇನ್ನೊಂದಕ್ಕೆ ಜಾಗವಿಲ್ಲ. ಅವಳು ಬಾಯಿ ತೆರೆದು ಉಸಿರಾಡುತ್ತಿದ್ದಳು. ಆ ಉಸಿರಿನಲ್ಲಿ ಹಣ್ಣಿನ ವಾಸನೆಯಿತ್ತು. ಬುಟ್ಟಿಯ ತಳದಲ್ಲಿ ಮರೆತುಹೋಗಿ, ಕಳಿತು ಮೆತ್ತಗಾದ ಹಣ್ಣಿನ ವಾಸನೆ.

ನನಗೆ ಮೊದಲು ಬಂದದ್ದು ಸಿಟ್ಟು.

ನಮ್ಮ ಮನೆಯಲ್ಲಿ ಹಣ್ಣು ಬರುವುದು ವಾರಕ್ಕೊಮ್ಮೆ, ಅದೂ ಮಾರುಕಟ್ಟೆ ಮುಚ್ಚುವ ಹೊತ್ತಿನಲ್ಲಿ ಅಗ್ಗಕ್ಕೆ ಸಿಗುವ, ಪೆಟ್ಟು ತಿಂದ ಹಣ್ಣು. ಅಮ್ಮ ಕೆಟ್ಟ ಭಾಗವನ್ನು ಕೊರೆದು ತೆಗೆದು ಮೂರು ಪಾಲು ಮಾಡುತ್ತಾಳೆ. ಈ ವಾರದ್ದು ಯಾವತ್ತೋ ಮುಗಿದಿತ್ತು. ಹಾಗಾದರೆ ಇವಳು ಎಲ್ಲೋ ಒಬ್ಬಳೇ ಕದ್ದು ತಿಂದು ಬರುತ್ತಿದ್ದಾಳೆ.

ನಾನು ಜಗಳಗಂಟಿಯಲ್ಲ. ಪದವಿ ಮುಗಿಸಿ ಮನೆಯಲ್ಲೇ ಇದ್ದೇನೆ. ಸಂದರ್ಶನಕ್ಕೆ ಹೋದರೆ ನಾಲಿಗೆ ಒಳಕ್ಕೆ ಎಳೆದುಕೊಳ್ಳುತ್ತದೆ. ಮನೆ ನಡೆಯುವುದು ಅಕ್ಕನ ದುಡಿಮೆಯಿಂದ. ಅವಳು ದೊಡ್ಡದೊಂದು ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತಾಳೆ. ಚಾದರ, ಟವೆಲ್, ಆಸ್ಪತ್ರೆಯ ಹೊದಿಕೆಗಳು ಮೂಟೆ ಮೂಟೆಯಾಗಿ ಬರುವ ಜಾಗ ಅದು. ಕೆಲವು ತಿಂಗಳ ಹಿಂದೆ ಒದ್ದೆ ಮೂಟೆ ಹೊತ್ತು ತಾರಸಿ ಹತ್ತುವಾಗ ಅವಳಿಗೆ ಏದುಸಿರು ಬಂತು. ಬಟ್ಟೆ ಮಡಚುವ ಗುಂಡಕ್ಕ ಎಲ್ಲರೆದುರಿಗೇ, "ದಾರಿ ಬಿಡ್ರೇ, ಉಗಿಬಂಡಿ ಬಂತು!" ಅಂದಳಂತೆ. ಅಕ್ಕ ಮನೆಗೆ ಬಂದು ನನ್ನ ಮುಂದೆ ಕೂತು, "ಓದಿದವಳಲ್ವೇನೇ ನೀನು? ಕಾಸು ಖರ್ಚಾಗದ ಹಾಗೆ ನನ್ನ ಸಣ್ಣ ಮಾಡು" ಅಂದಳು.

ಅಂದಿನಿಂದ ನಾನು ಪಂಡಿತೆಯಾದೆ. ಗ್ರಂಥಾಲಯದಲ್ಲಿ ಕೂತು ಓದಿ ಬಂದು ಅಡುಗೆಮನೆಯನ್ನೇ ಬದಲಿಸಿದೆ. ಎಣ್ಣೆ ಕಮ್ಮಿ, ಸೊಪ್ಪು ಜಾಸ್ತಿ. ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟ ಕಾಳು ಮೊಳಕೆ ಬಂದರೆ ಬೆಳಗಿನ ತಿಂಡಿ. ಸಂಜೆಗೆ ಬೇಯಿಸಿದ ಕಡಲೇಕಾಯಿ. ಬಟ್ಟೆ ಒಣಗಿಸುವ ಹಗ್ಗದಲ್ಲೇ ಸ್ಕಿಪ್ಪಿಂಗ್. "ಹೊಟ್ಟೆ ತುಂಬ ನೀರು ಕುಡಿ, ಅದಕ್ಕೆ ಯಾರೂ ದುಡ್ಡು ಕೇಳಲ್ಲ" ಎಂದೂ ನಾನೇ ಹೇಳಿದ್ದೆ.

ಲಾಂಡ್ರಿಯ ಬಾಗಿಲಲ್ಲಿ ಮೂಟೆ ತೂಗುವ ತಕ್ಕಡಿಯಿದೆ. ನೆಲಕ್ಕೆ ಸಮನಾದ ಕಬ್ಬಿಣದ ಹಲಗೆ. ಶನಿವಾರ ಕೆಲಸ ಬಿಡುವಾಗ ಹೆಂಗಸರೆಲ್ಲ ಅದರ ಮೇಲೆ ಹತ್ತಿ ನೋಡಿಕೊಳ್ಳುತ್ತಿದ್ದರು. ಅಕ್ಕನ ಮುಳ್ಳು ಮೊದಲು ಮನಸ್ಸಿಲ್ಲದ ಮನಸ್ಸಿನಿಂದ ಚೂರುಚೂರೇ ಹಿಂದೆ ಸರಿಯಿತು. ಆಮೇಲೆ, ಈಚಿನ ಕೆಲವು ವಾರಗಳಲ್ಲಿ, ಜಾರುಬಂಡೆಯ ಮೇಲೆ ಕೂತಂತೆ ಜಾರಿತು. ಇಳಿದಾಗಲೆಲ್ಲ ಚಪ್ಪಾಳೆ. ಅಕ್ಕನ ಲಂಗಕ್ಕೆ ಪಿನ್ನು ಬಂತು, ಬಳೆ ಮೊಣಕೈವರೆಗೆ ಓಡಾಡತೊಡಗಿತು. ಅವಳು ಕಂಡಲ್ಲಿ ನೀರು ಕುಡಿಯುತ್ತಿದ್ದಳು. "ನಿಮ್ಮಕ್ಕ ನೀರು ಕುಡಿಯೋದು ನೋಡಿದ್ರೆ ನಲ್ಲಿಗೇ ಬಾಯಾರಿಕೆ ಆಗತ್ತೆ ಕಣೇ" ಎಂದು ಗುಂಡಕ್ಕ ನನ್ನ ಬೆನ್ನು ತಟ್ಟಿದಳು. "ಪಂಡಿತೆ, ನನಗೂ ಒಂದು ದಾರಿ ತೋರ್ಸೇ." ನಾನು ನಾಚಿ ನೆಲ ನೋಡಿದೆ. ಒಳಗೊಳಗೇ ಹಿಗ್ಗಿದ್ದೆ. ನನ್ನ ಓದು ಒಬ್ಬರಿಗಾದರೂ ಪ್ರಯೋಜನಕ್ಕೆ ಬಂತಲ್ಲ ಎಂದುಕೊಂಡಿದ್ದೆ.

ಅದಕ್ಕೇ ಆ ಬೆಳಿಗ್ಗೆ ಆ ವಾಸನೆ ನನ್ನನ್ನು ಅಷ್ಟು ಕೆರಳಿಸಿತು.

"ಎಲ್ಲಿ ತಿಂದೆ?" ಅಂದೆ, ಅವಳು ಕಣ್ಣು ಬಿಡುತ್ತಲೇ.

"ಏನನ್ನ?"

"ಹಣ್ಣು. ಬಾಯೆಲ್ಲ ವಾಸನೆ ಹೊಡೀತಿದೆ."

"ನಿನಗೇನು ತಲೆ ಕೆಟ್ಟಿದ್ಯಾ? ರಾತ್ರಿ ಊಟಾನೇ ಸೇರಿಲ್ಲ ನಂಗೆ. ಹೊಟ್ಟೆ ತೊಳಸ್ತಿದೆ."

ಅಮ್ಮ ಒಲೆಯ ಹತ್ತಿರದಿಂದಲೇ ಕೂಗಿದಳು. "ತಿಂದ್ರೆ ತಿಂದೆ ಅನ್ನೇ. ದುಡಿಯೋಳು ನೀನು, ಯಾರು ಬೇಡ ಅಂತಾರೆ? ಕದ್ದು ಯಾಕೆ ತಿನ್ಬೇಕು?"

ಅಕ್ಕ ಎದ್ದು ಕೂತಳು. ಅವಳ ತುಟಿ ಒಡೆದು ಬಿಳಿಚಿಕೊಂಡಿತ್ತು. "ನಿನ್ನಾಣೆ ಅಮ್ಮ, ನಾನು ಒಂದು ತುಂಡು ಹಣ್ಣೂ ಮುಟ್ಟಿಲ್ಲ" ಎಂದಳು. ಅಳು ಬಂದರೂ ಕಣ್ಣಲ್ಲಿ ನೀರು ಬರಲಿಲ್ಲ. ಅದು ಆಗ ನನಗೆ ನಾಟಕದಂತೆ ಕಂಡಿತು. ಊಟದ ಡಬ್ಬಿಯನ್ನು ಅಲ್ಲೇ ಬಿಟ್ಟು ಕೆಲಸಕ್ಕೆ ಹೊರಟುಹೋದಳು.

ಮಧ್ಯಾಹ್ನದ ಹೊತ್ತಿಗೆ ನನ್ನ ಸಿಟ್ಟು ಇಳಿದಿತ್ತು. ಡಬ್ಬಿ ಹಿಡಿದು ಲಾಂಡ್ರಿಗೆ ಹೋದೆ. ಬಾಗಿಲಲ್ಲಿ ಸೋಪಿನ ಹಬೆ, ಯಂತ್ರಗಳ ಗುಡುಗುಡು. ಅಕ್ಕ ತಕ್ಕಡಿಯ ಹಲಗೆಯ ಮೇಲೆ ಕೂತಿದ್ದಳು. ನಿಂತಿರಲಿಲ್ಲ, ಕೂತಿದ್ದಳು, ಮೂಟೆಗೆ ಒರಗಿಕೊಂಡು. ಸುತ್ತ ಹೆಂಗಸರು ನಗುತ್ತಿದ್ದರು.

"ಏಳೇ, ತೂಕ ನೋಡಿದ್ದಾಯ್ತು" ಎನ್ನುತ್ತಿದ್ದಳು ಗುಂಡಕ್ಕ. "ಇನ್ನೂ ಇಳೀಲಿ ಅಂತ ಅಲ್ಲೇ ಕಾವಿಗೆ ಕೂತ್ಯಾ?"

ಅಕ್ಕ ಏಳಲಿಲ್ಲ. ಅವಳು ಉಸಿರಾಡುತ್ತಿದ್ದ ರೀತಿಯನ್ನು ನಾನು ಯಾರಲ್ಲೂ ನೋಡಿರಲಿಲ್ಲ. ಆಳಕ್ಕೆ, ಜೋರಾಗಿ, ಎಲ್ಲಿಂದಲೋ ಓಡಿ ಬಂದವಳ ಹಾಗೆ. ಆದರೆ ಮೈ ಒಂದು ಚೂರೂ ಅಲುಗಾಡುತ್ತಿರಲಿಲ್ಲ. ಕಣ್ಣು ನನ್ನ ಮೇಲೆ ಬಿತ್ತು, ಗುರುತು ಹತ್ತಲಿಲ್ಲ.

"ಅಕ್ಕಾ."

ಅವಳು ಪಕ್ಕಕ್ಕೆ ವಾಲಿ, ಹಲಗೆಯ ಮೇಲೇ ವಾಂತಿ ಮಾಡಿಕೊಂಡಳು. ನಗು ನಿಂತಿತು. ಯಂತ್ರಗಳು ಮಾತ್ರ ತಿರುಗುತ್ತಿದ್ದವು.

ಆಸ್ಪತ್ರೆಗೆ ಒಗೆದ ಬಟ್ಟೆ ಒಯ್ಯುವ ವ್ಯಾನು ಹಿಂಬಾಗಿಲಲ್ಲಿ ಹೊರಟು ನಿಂತಿತ್ತು. ಚಾಲಕ ಸ್ಟೀರಿಂಗ್ ಹಿಡಿದಾಗಿತ್ತು. ಎದುರಿಗೆ ಓಡಿ ಹೋಗಿ ನಿಂತೆ. ನನ್ನ ಗಂಟಲಿನಿಂದ ಹೊರಟ ಕೂಗು ನನ್ನದೇ ಎಂದು ನನಗೆ ತಿಳಿದದ್ದು ಗುಂಡಕ್ಕ ತಿರುಗಿ ನೋಡಿದಾಗ. ನಾವಿಬ್ಬರೂ ಅಕ್ಕನನ್ನು ಎತ್ತಿ ಬಿಳಿ ಚಾದರದ ಮೂಟೆಗಳ ನಡುವೆ ಮಲಗಿಸಿದೆವು. ಎತ್ತುವಾಗ ಗುಂಡಕ್ಕ, "ಅಯ್ಯೋ, ಇವಳಲ್ಲಿ ಏನೂ ಇಲ್ವಲ್ಲೇ" ಎಂದಳು. ಆಮೇಲೆ ದಾರಿಯುದ್ದಕ್ಕೂ ಅಕ್ಕನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು.

ಆಸ್ಪತ್ರೆಯಲ್ಲಿ ವೈದ್ಯೆ ಅಕ್ಕನ ಮುಖದ ಮೇಲೆ ಬಾಗಿದವರು ತಟ್ಟನೆ ತಲೆಯೆತ್ತಿದರು.

"ಈ ವಾಸನೆ ಯಾವಾಗಿಂದ?"

"ಬೆಳಿಗ್ಗೆಯಿಂದ... ಅವಳು ಹಣ್ಣು ತಿಂದಿಲ್ಲ ಅಂತಾಳೆ" ಎಂದು ತೊದಲಿದೆ.

"ತಿಂದಿಲ್ಲಮ್ಮ. ಇದು ಹಣ್ಣಲ್ಲ." ಆಗಲೇ ಅವರು ಅಕ್ಕನ ಬೆರಳಿಗೆ ಸೂಜಿ ಚುಚ್ಚಿದ್ದರು. ಪುಟ್ಟ ಯಂತ್ರ ಅಂಕೆಯನ್ನೇ ತೋರಿಸಲಿಲ್ಲ. ತನ್ನ ಅಳತೆಗೆ ಮೀರಿದ್ದು ಎಂದು ಅಕ್ಷರದಲ್ಲಿ ಹೇಳಿತು. "ಸಿಸ್ಟರ್, ಡ್ರಿಪ್! ಇನ್ಸುಲಿನ್! ಬೇಗ!"

ಪರದೆ ಎಳೆದರು. ಒಳಗೆ ಓಡಾಟ. ನಾನು ಗೋಡೆಗೆ ಅಂಟಿಕೊಂಡು ನಿಂತೆ. ಕೈಯಲ್ಲಿ ಇನ್ನೂ ಡಬ್ಬಿ. ಯಾರೋ ಹೋಗಿ ಅಮ್ಮನನ್ನು ಕರೆತಂದರು. ಅವಳ ಕೈಯಲ್ಲಿ ಹಿಟ್ಟು ಹಾಗೇ ಇತ್ತು.

ವೈದ್ಯೆ ಹೊರಗೆ ಬಂದಾಗ ಸಂಜೆಯಾಗಿತ್ತು. "ಸಕ್ಕರೆ ಕಾಯಿಲೆ" ಎಂದರು. "ಮೈಯಲ್ಲಿ ಇನ್ಸುಲಿನ್ ತಯಾರಾಗೋದು ನಿಂತಿದೆ. ಅದಿಲ್ಲದೆ ತಿಂದದ್ದು ಮೈಗೆ ಸೇರಲ್ಲ. ಆಗ ಮೈ ತನ್ನ ಕೊಬ್ಬನ್ನೇ, ಮಾಂಸವನ್ನೇ ಕರಗಿಸಿ ಸುಡತ್ತೆ. ಆ ವಾಸನೆ ಅದರದ್ದು. ತುಂಬ ನೀರು ಕುಡೀತಿದ್ಲಾ?"

"ಹೂಂ."

"ತೂಕ ಇಳೀತಾ ಇತ್ತಾ?"

ಕಿವಿಯಲ್ಲಿ ಚಪ್ಪಾಳೆ ಕೇಳಿಸುತ್ತಿತ್ತು. ಅಕ್ಕ ಸವೆಯುತ್ತಿದ್ದಳು. ನಾವೆಲ್ಲ ಸುತ್ತ ನಿಂತು ಕೈ ತಟ್ಟುತ್ತಿದ್ದೆವು.

"ಇವಳು ಏನೇನೋ ಸೊಪ್ಪುಸದೆ ತಿನ್ಸಿದ್ಲು ಡಾಕ್ಟ್ರೇ" ಅಮ್ಮ ನನ್ನತ್ತ ಕೈ ಮಾಡಿದಳು. ಮಾತು ಹೊರಬಿದ್ದೊಡನೆ ಅವಳೇ ಬೆಚ್ಚಿದಳು. ಹಿಟ್ಟಿನ ಕೈಯಿಂದಲೇ ನನ್ನ ತೋಳು ಹಿಡಿದುಕೊಂಡಳು.

"ಊಟದಿಂದ ಬಂದದ್ದಲ್ಲ. ಊಟ ಚೆನ್ನಾಗೇ ಇತ್ತು, ಮುಂದೂ ಅದೇ ಊಟ ಸಾಕು. ಯಾರಿಗೂ ಬರಬಹುದಾದ್ದು ಇವಳಿಗೆ ಬಂತು." ವೈದ್ಯೆ ನನ್ನನ್ನೇ ನೋಡಿ ಹೇಳಿದರು. "ಆದ್ರೆ ಹೀಗೆ ದಡದಡ ಇಳಿಯೋ ತೂಕವನ್ನ ಆರೋಗ್ಯ ಅಂದ್ಕೊಳ್ಳಬಾರದು. ಈ ರಾತ್ರಿ ಕಳೀಲಿ, ಆಮೇಲೆ ಮಾತಾಡೋಣ."

ರಾತ್ರಿ ಕಳೆಯಿತು. ಹೇಗೆ ಎಂದು ಬರೆಯಲು ನನಗೆ ಬರುವುದಿಲ್ಲ. ಬೆಂಚಿನ ಮೇಲೆ ಅಮ್ಮ ಮತ್ತು ಗುಂಡಕ್ಕನ ನಡುವೆ ಕೂತಿದ್ದೆ. ಬೆಳಗಿನ ಜಾವ ಅಕ್ಕ ಕಣ್ಣು ಬಿಟ್ಟು ಅಮ್ಮನ ಹೆಸರು ಹಿಡಿದು ಕರೆದಳಂತೆ. ಅದನ್ನು ಕೇಳಿ ಅಮ್ಮ, "ಹೆಸರು ಹಿಡೀತಾಳೆ ನೋಡು, ಕತ್ತೆ" ಎಂದು ನಕ್ಕು, ನಗು ಮುಗಿಯುವ ಮೊದಲೇ ಗೋಡೆಗೆ ತಲೆಯಿಟ್ಟು ಬಿಕ್ಕಿದಳು.

ಡ್ರಿಪ್ ತೆಗೆದ ಮೇಲೆ ಸಿಸ್ಟರ್ ಬಂದರು. "ಇನ್ಮೇಲೆ ದಿನಾ ಇಂಜೆಕ್ಷನ್. ಕೊನೇವರೆಗೂ. ಇವರ ಕೈ ಇನ್ನೂ ನಡುಗ್ತಿದೆ, ಅದು ನಿಲ್ಲೋವರೆಗೆ ಮನೇಲಿ ಯಾರು ಹಾಕ್ತೀರಿ?"

ಅಮ್ಮ ತನ್ನ ಕೈ ಮುಂದೆ ಹಿಡಿದು ನೋಡಿಕೊಂಡಳು. ಅದು ಅಕ್ಕನದಕ್ಕಿಂತ ಹೆಚ್ಚು ನಡುಗುತ್ತಿತ್ತು.

"ನಾನು" ಅಂದೆ.

ಸಿಸ್ಟರ್ ಹೇಳಿಕೊಟ್ಟಂತೆ ಔಷಧಿ ಎಳೆದೆ, ಗಾಳಿಗುಳ್ಳೆ ತಟ್ಟಿ ತೆಗೆದೆ. "ಹೊಟ್ಟೆಯ ಚರ್ಮಾನ ಎರಡು ಬೆರಳಲ್ಲಿ ಮಡಿಕೆ ಮಾಡಿ ಹಿಡೀರಿ." ಹಿಡಿಯಲು ಹೋದೆ. ಹೊಕ್ಕುಳ ಪಕ್ಕದಲ್ಲಿ ಬೆರಳು ಜಾರಿತು. ಇನ್ನೊಂದು ಕಡೆ ನೋಡಿದೆ, ಅಲ್ಲೂ ಜಾರಿತು. ಹಿಡಿಯಲು ಏನೂ ಇರಲಿಲ್ಲ. ಸೊಂಟದ ಮೂಳೆ ಅಂಗೈಗೆ ಒತ್ತಿತು. ಒಂದೇ ಹಾಸಿಗೆಯಲ್ಲಿ ಮಲಗುವ ನನಗೆ ಇದು ಗೊತ್ತೇ ಇರಲಿಲ್ಲ.

"ಪಂಡಿತೆ" ಅಕ್ಕನ ಧ್ವನಿ ಒಣ ಎಲೆಯಂತಿತ್ತು. "ಏನೇ ಹುಡುಕ್ತಿದೀಯ?"

"ನಿನ್ನನ್ನೇ" ಅಂದೆ.

"ಇಲ್ಲೇ ಇದೀನಿ. ಪಕ್ಕಕ್ಕೆ ಬಾ, ಇನ್ನೂ ಸ್ವಲ್ಪ... ಹಾಂ, ಅಲ್ಲಿ."

ಪಕ್ಕೆಯ ಹತ್ತಿರ ಚಿಟಿಕೆಯಷ್ಟು ಸಿಕ್ಕಿತು. ಬಿಡದೆ ಹಿಡಿದುಕೊಂಡೆ.

"ಚುಚ್ಚೇ ಬೇಗ" ಅಂದಳು ಅಕ್ಕ, ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು. "ನೀನು ಹಾಗೆ ನೋಡ್ತಾ ಕೂತ್ರೆ ಇನ್ನೂ ಹೆದ್ರಿಕೆ ಆಗತ್ತೆ."

ಚುಚ್ಚಿದೆ.