ಒಂದು ಸಣ್ಣ ಪಾರ್ಸೆಲ್

ರೊಕಿ ಸೂಟ್‌ಕೇಸಿನ ಮೇಲೆ ಮೊಣಕಾಲೂರಿ ಜಿಪ್ಪನ್ನು ಇನ್ನೇನು ಕೊನೆಯ ಮೂಲೆ ತಿರುಗಿಸಬೇಕು, ಅಷ್ಟರಲ್ಲಿ ಕೆಳಗಿನ ಮಹಡಿಯ ವೆಂಡಿ ಬಂದು ಅದರ ಮೇಲೆ ಒಂದು ಪೊಟ್ಟಣ ಇಟ್ಟಳು.

"ತಪ್ಪು ತಿಳಿಯಬೇಡಿ ಅಂಕಲ್. ಇಂಥ ದಿನ ಕೇಳಬಾರದು, ಗೊತ್ತುಂಟು. ಅಮ್ಮನ ಮೊಣಕಾಲಿನ ಬೆಲ್ಟು, ಎರಡು ಬಾಟ್ಲಿ ನೋವಿನ ಎಣ್ಣೆ, ಅಷ್ಟೇ. ಮೂಡುಬೆಳ್ಳೆಯಿಂದ ತಮ್ಮ ಬಂದು ತಕ್ಕೊಂಡು ಹೋಗ್ತಾನೆ. ಒಂದು ಸಣ್ಣ ಪಾರ್ಸೆಲ್."

ರೊಕಿಗೆ ಮೈಯೆಲ್ಲ ಉರಿದುಹೋಯಿತು. ಬೆಳಿಗ್ಗೆಯಿಂದ ಹೀಗೆ ಬಂದವರಲ್ಲಿ ವೆಂಡಿ ನಾಲ್ಕನೆಯವಳು. ಅವನ ಹೆಂಡತಿ ಕ್ಲೊಟಿಲ್ಡಾ ತೀರಿಕೊಂಡು ಮೂರು ದಿನವಾಗಿತ್ತು. ಇವತ್ತು ಹನ್ನೊಂದಕ್ಕೆ ಇಗರ್ಜಿಯಲ್ಲಿ ಅವಳಿಗಾಗಿ ಬಲಿಪೂಜೆ, ಅಲ್ಲಿಂದ ಶವಪೆಟ್ಟಿಗೆ ನೇರ ವಿಮಾನ ನಿಲ್ದಾಣಕ್ಕೆ. ಅದೇ ವಿಮಾನದಲ್ಲಿ ರೊಕಿಯೂ ಮಗಳು ಕ್ಯಾರೆನ್ನೂ ಮಂಗಳೂರಿಗೆ ಹೊರಡಬೇಕು. ನಾಳೆ ಅವರ ಊರು ಶಿರ್ವದಲ್ಲಿ ಮಣ್ಣು ಮಾಡುವುದು. ಗಲ್ಫಿನ ಈ ಗುಫೂಲಿನ ಕಟ್ಟಡದ ಜನ ಮಾತ್ರ ಒಂದು ಕೈಯಲ್ಲಿ ಹೂವು, ಇನ್ನೊಂದು ಕೈಯಲ್ಲಿ ಪೊಟ್ಟಣ ಹಿಡಿದು ಮೆಟ್ಟಿಲು ಹತ್ತುತ್ತಿದ್ದರು. ಹೇಗೂ ಹೋಗ್ತೀರಲ್ಲ ಅನ್ನುತ್ತಿದ್ದರು. ಹೇಗೂ ಹೋಗುವುದಂತೆ! ಇದೇನು ರಜೆಯೇ?

"ಮೇಜಿನ ಮೇಲಿಡು," ಎಂದ, ಅವಳ ಮುಖ ನೋಡದೆ.

ಮೇಜಿನ ಮೇಲೆ ಆಗಲೇ ಹಾಲಿನ ಪುಡಿಯ ಡಬ್ಬ, ಯಾರದೋ ಬಾಣಂತಿಗೆ ಬಾದಾಮಿ, ಯಾರದೋ ಮಾವನಿಗೆ ರಕ್ತದೊತ್ತಡ ನೋಡುವ ಯಂತ್ರ ಕೂತಿದ್ದವು. ಯಾವುದನ್ನೂ ಒಯ್ಯುವುದಿಲ್ಲ ಎಂದು ರೊಕಿ ಆಗಲೇ ನಿಶ್ಚಯಿಸಿದ್ದ. ಮೂವತ್ತೈದು ವರ್ಷ ಊರಿನ ಸಾಮಾನು ಹೊತ್ತದ್ದು ಸಾಕು. ಈ ಒಂದು ಪ್ರಯಾಣವಾದರೂ ಅವನದು ಮತ್ತು ಅವಳದು ಮಾತ್ರ ಆಗಿರಬೇಕು. ಬದುಕಿದ್ದಾಗಂತೂ ಅದು ಒಮ್ಮೆಯೂ ಆಗಲಿಲ್ಲ.

*

ಕ್ಲೊಟಿಲ್ಡಾ ಆಸ್ಪತ್ರೆಯೊಂದರ ಲಾಂಡ್ರಿಯಲ್ಲಿ ಕೆಲಸಕ್ಕಿದ್ದವಳು. ದಿನಕ್ಕೆ ನಾನೂರು ಹಾಸು ಮಡಚಿ, ಅಂಚಿಗೆ ನಂಬರಿನ ಬಟ್ಟೆ ಚೂರು ಹೊಲಿದು, ಕಪಾಟಿನಲ್ಲಿ ಜೋಡಿಸುವ ಕೈ ಅದು. ಆ ಕೈಗೆ ಮನೆಯಲ್ಲೂ ಬಿಡುವಿರಲಿಲ್ಲ. ಗುಫೂಲಿನಲ್ಲಿ ಯಾರು ಊರಿಗೆ ಹೊರಟರೂ ಸೂಟ್‌ಕೇಸು ಮೊದಲು ಅವಳ ನಡುಮನೆಗೆ ಬರಬೇಕು. ಶುಕ್ರವಾರದ ಪೂಜೆ ಮುಗಿಸಿ ಬಂದವಳೇ ನೆಲದ ಮೇಲೆ ಕಾಲು ಚಾಚಿ ಕೂತು, ಎಲ್ಲವನ್ನೂ ಹೊರಗೆ ಸುರಿದು, ಮತ್ತೆ ತುಂಬುತ್ತಿದ್ದಳು. ತುಂಬಿ ಮುಗಿಸಿದಾಗ ಒಳಗೆ ಒಂದು ಬೊಗಸೆ ಜಾಗ ಉಳಿದಿರುತ್ತಿತ್ತು. "ನೋಡು, ಜಾಗ ಉಂಟು," ಎಂದು ಅಲ್ಲಿಗೆ ಇನ್ಯಾರದೋ ಪೊಟ್ಟಣ ತುರುಕುತ್ತಿದ್ದಳು. ಕ್ರಿಸ್ತರು, ಹಿಂದೂಗಳು, ಬ್ಯಾರಿಗಳು ಎಂಬ ಭೇದ ಪೊಟ್ಟಣಗಳಿಗೆ ಇರಲಿಲ್ಲ.

ರೊಕಿಗೆ ಇದನ್ನು ಕಂಡರೆ ಆಗುತ್ತಿರಲಿಲ್ಲ. ನಮ್ಮ ಸಾಮಾನನ್ನು ಇನ್ನೊಬ್ಬರ ತಲೆಗೆ ಕಟ್ಟಬಾರದು, ಇನ್ನೊಬ್ಬರದ್ದನ್ನು ನಾವು ಹೊರಬಾರದು, ಇಷ್ಟೇ ಅವನ ಶಾಸ್ತ್ರ. ಆ ಶಾಸ್ತ್ರಕ್ಕೆ ಹೆಂಡತಿ ಕವಡೆ ಕಿಮ್ಮತ್ತು ಕೊಡಲಿಲ್ಲ. ಅವನ ತಮ್ಮನ ಮದುವೆಗೆ ಹೋದಾಗ ಹೊಸ ಕಪ್ಪು ಬೂಟುಗಳನ್ನು ತೆಗೆದಿಟ್ಟು ಯಾರದೋ ಮಿಕ್ಸಿ ತುಂಬಿದ್ದಳು. ವರನ ಅಣ್ಣ ಕೋಟು ಹಾಕಿ ರಬ್ಬರ್ ಚಪ್ಪಲಿಯಲ್ಲಿ ಇಗರ್ಜಿಗೆ ನಡೆದ. ಫೋಟೋದಲ್ಲಿ ಇವತ್ತಿಗೂ ಆ ಚಪ್ಪಲಿ ಕಾಣುತ್ತದೆ. "ಮಿಕ್ಸಿ ಸಿಕ್ಕಿದ ಮುದುಕಿ ನಿಮ್ಮ ಹೆಸರು ಹೇಳಿ ಪ್ರಾರ್ಥನೆ ಮಾಡಿದ್ದಾಳೆ," ಎಂದು ಅವಳು ನಕ್ಕಿದ್ದಳು. ಅವನು ನಗಲಿಲ್ಲ.

*

ಹತ್ತಕ್ಕೆ ನಡುಮನೆಯಲ್ಲಿ ಜಪಸರದ ಪ್ರಾರ್ಥನೆ ಮುಗಿಯಿತು. ದೋಹಾದಿಂದ ನಿನ್ನೆ ಬಂದಿದ್ದ ಕ್ಯಾರೆನ್ ಮೇಜಿನ ಮೇಲಿನ ಪೊಟ್ಟಣಗಳನ್ನು ನೋಡಿ ಅಪ್ಪನ ಪಕ್ಕಕ್ಕೆ ಬಂದಳು.

"ಡ್ಯಾಡಿ, ಪ್ಲೀಸ್. ಮಮ್ಮಿ ಇದ್ದಿದ್ರೆ ತಕ್ಕೊಳ್ತಿದ್ರು."

"ಮಮ್ಮಿ ಇಲ್ಲ."

"ನಾನು ಪ್ಯಾಕ್ ಮಾಡ್ತೇನೆ, ನೀವು ಕೂತ್ಕೊಳ್ಳಿ."

"ಮುಟ್ಟಬೇಡ ಅಂದ್ರೆ ಮುಟ್ಟಬೇಡ!"

ದನಿ ಏರಿತು. ಬೆಂಚಿನ ಮೇಲಿದ್ದವರು ತಲೆ ತಗ್ಗಿಸಿದರು. ಸಾವಿನ ಮನೆಯಲ್ಲಿ ಗಂಡನಾದವನು ಅತ್ತರೆ ಜನಕ್ಕೆ ಏನು ಮಾಡಬೇಕೆಂದು ಗೊತ್ತಿರುತ್ತದೆ. ಸಿಟ್ಟು ಮಾಡಿದರೆ ಗೊತ್ತಾಗುವುದಿಲ್ಲ.

ಆ ಹೊತ್ತಿಗೇ ಬಾಗಿಲಲ್ಲಿ ಸೇಸಪ್ಪ ಕಾಣಿಸಿದ. ಟುಬ್ಲಿಯ ಗ್ಯಾರೇಜೊಂದರಲ್ಲಿ ಪೈಂಟರ್ ಆಗಿದ್ದ ಅವನು ಕೆಲಸದ ಅಂಗಿಯಲ್ಲೇ ಬಂದಿದ್ದ. ಅವನ ಕಂಕುಳಲ್ಲೂ ಪತ್ರಿಕೆ ಸುತ್ತಿದ ಉದ್ದನೆಯ ಪೊಟ್ಟಣ. ರೊಕಿ ನೆಟ್ಟಗೆ ನಿಂತ. ಈ ಮನುಷ್ಯ ಇನ್ನು ತನ್ನ ಹೊಸ್ತಿಲು ತುಳಿಯಕೂಡದೆಂದು ಅವನು ಎರಡು ವಾರದ ಹಿಂದಷ್ಟೇ ಹೇಳಿದ್ದ.

*

ಅವಾಲಿಯ ವಾಹನ ಶೆಡ್ಡಿನಲ್ಲಿ ರೊಕಿ ಇಪ್ಪತ್ತೊಂಬತ್ತು ವರ್ಷ ಮೆಕ್ಯಾನಿಕ್ ಆಗಿದ್ದ. ಎರಡು ವರ್ಷದ ಹಿಂದೆ, ನಿವೃತ್ತಿಯ ದಿನ, ಮೇಲಿನ ಅಧಿಕಾರಿ ಹಿಶಾಮ್, ರೊಕಿ ಬಳಸುತ್ತಿದ್ದ ಹತ್ಯಾರಗಳನ್ನು ಪೆಟ್ಟಿಗೆ ಸಮೇತ ಅವನ ಕೈಗೇ ಕೊಟ್ಟಿದ್ದ. "ಖಲಾಸ್, ರೊಕಿ. ನಿನ್ನ ಕೈಗೆ ಒಗ್ಗಿದ್ದು ಇನ್ಯಾರಿಗೆ ಬೇಕು?" ಸ್ಪ್ಯಾನರು, ಸುತ್ತಿಗೆ, ಇಕ್ಕಳ ಎಲ್ಲ ಸೇರಿ ಮೂವತ್ತೊಂದು. ಡಿಸೆಂಬರಿಗೆ ಕ್ಲೊಟಿಲ್ಡಾಳ ಕೆಲಸ ಮುಗಿದ ಮೇಲೆ ಶಿರ್ವದ ಮನೆಯ ಹಿಂದೆ ಒಂದು ಶೆಡ್ಡು ಹಾಕಿ, ಹಳೆಯ ಗಾಡಿಗಳನ್ನು ರಿಪೇರಿ ಮಾಡಿಕೊಂಡು ಇರಬೇಕೆಂಬುದು ಅವನ ಕನಸು. ನಲವತ್ತೈದು ಕಿಲೋ ಕಬ್ಬಿಣವನ್ನು ಒಯ್ಯುವುದು ಹೇಗೆಂದು ಕೇಳಿದಾಗ ಅವಳು, "ನಾನು ನೋಡಿಕೊಳ್ತೇನೆ," ಎಂದಿದ್ದಳು.

ಎರಡು ವಾರದ ಹಿಂದೆ ಎಣ್ಣೆ ಸವರಿಡೋಣವೆಂದು ಮಂಚದಡಿಯ ಪೆಟ್ಟಿಗೆ ಎಳೆದರೆ ಅದು ಹಗುರಾಗಿ ಬಂತು. ಒಳಗೆ ಲಾಂಡ್ರಿಯ ಹಳೆಯ ಟವೆಲುಗಳು.

ಯಾರಿಗೆ ಕೊಟ್ಟೆ ಎಂದು ಕೂಗಿದ. ಅವನ ಚಳಿಗಾಲದ ಕೋಟು, ಟೇಬಲ್ ಫ್ಯಾನು ಎಲ್ಲ ಹೀಗೇ ಯಾರ್ಯಾರದೋ ಪಾಲಾಗಿದ್ದವು. ಹತ್ಯಾರ ಬೇಕಾದವನೆಂದರೆ ಗ್ಯಾರೇಜಿನ ಸೇಸಪ್ಪನೇ. ಅವನು ಆಗಾಗ ಬಂದು ಅವಳಿಂದ ಏನೋ ಒಯ್ಯುತ್ತಿದ್ದುದನ್ನು ರೊಕಿಯೇ ಕಂಡಿದ್ದ.

"ಊರಿಗೆ ಹೋದಾಗ ಗೊತ್ತಾಗ್ತದೆ," ಎಂದಳು ಕ್ಲೊಟಿಲ್ಡಾ, ಅಷ್ಟೇ.

ರೊಕಿ ಸೇಸಪ್ಪನಿಗೆ ಫೋನು ಮಾಡಿ ಕಳ್ಳ ಎಂದ. ಸೇಸಪ್ಪ ಉತ್ತರ ಕೊಡಲಿಲ್ಲ. ಉತ್ತರ ಕೊಡದ್ದೇ ಸಾಕ್ಷಿಯಾಯಿತು. ಆವತ್ತಿನಿಂದ ಹನ್ನೊಂದು ದಿನ ರೊಕಿ ಹೆಂಡತಿಯೊಡನೆ ಮಾತಾಡಲಿಲ್ಲ. ಹನ್ನೊಂದನೆಯ ಬೆಳಿಗ್ಗೆ ಅವಳು ಚಹಾ ತಂದಿಟ್ಟು, "ಆರಿ ಹೋಗ್ತದೆ, ಕುಡೀರಿ," ಎಂದಳು. ಅವನು ಮೊಬೈಲಿನಿಂದ ಕಣ್ಣೆತ್ತಲಿಲ್ಲ. ಅರ್ಧ ಗಂಟೆಯ ಮೇಲೆ ಯಾರಿಗೋ ಕೊಡಲಿದ್ದ ಪೊಟ್ಟಣದೊಡನೆ ಅವಳು ಲಿಫ್ಟಿನಲ್ಲಿ ಕುಸಿದಳು. ಮೆದುಳಿನಲ್ಲಿ ರಕ್ತಸ್ರಾವ ಎಂದರು. ಆಸ್ಪತ್ರೆಯಿಂದ ಬಂದಾಗ ಆ ಲೋಟ ಅಲ್ಲೇ ಇತ್ತು, ಮೇಲೆ ಕೆನೆ ಕಟ್ಟಿಕೊಂಡು.

*

"ರೊಕಿಯಣ್ಣ, ಬೈಯುವುದಿದ್ರೆ ಆಮೇಲೆ ಬೈಯಿರಿ," ಎಂದ ಸೇಸಪ್ಪ. "ಇದೊಂದು ಕೊಟ್ಟು ಹೋಗ್ತೇನೆ."

"ನಿನ್ನದೂ ಪಾರ್ಸೆಲ್ಲಾ? ನಾಚಿಕೆ ಇಲ್ವಾ ನಿನಗೆ?"

"ನನ್ನದಲ್ಲ, ನಿಮ್ಮದು. ನಾನು ಡಿಸೆಂಬರಿಗೆ ಊರಿಗೆ ಹೋಗುವಾಗ ನಿಮ್ಮ ಮನೆಗೆ ಮುಟ್ಟಿಸು ಅಂತ ಕ್ಲೊಟಿಲ್ಡಕ್ಕ ಕೊಟ್ಟದ್ದು. ಈಗ ನೀವೇ ಹೋಗ್ತೀರಲ್ಲ."

ಪತ್ರಿಕೆಯ ಮೇಲೆ ಕಂದು ಟೇಪು, ಟೇಪಿನ ಮೇಲೆ ಕಪ್ಪು ಮಾರ್ಕರಿನಲ್ಲಿ ಕ್ಲೊಟಿಲ್ಡಾಳ ದುಂಡಗಿನ ಅಕ್ಷರ: 'ರೊಕಿ, ಶಿರ್ವ. 31.' ರೊಕಿ ಒಂದು ತುದಿ ಹರಿದ. ಮೂವತ್ತಾರು ಮಿಲಿಮೀಟರಿನ ಸ್ಪ್ಯಾನರು. ಹಿಡಿಯ ಮೇಲೆ ಅವನೇ ಅರದಿಂದ ಕೊರೆದ ಗೀರು. ಅದರ ತೂಕ ಅವನ ಅಂಗೈಗೆ ಬಾಯಿಪಾಠವಿತ್ತು.

"ಉಳಿದದ್ದು?"

"ಎಲ್ಲ ಊರಲ್ಲೇ ಉಂಟು. ಅಕ್ಕನ ತಂಗಿ ಕೀಲಿ ಹಾಕಿ ಇಟ್ಟಿದ್ದಾರೆ. ಒಂದೂವರೆ ವರ್ಷದಿಂದ ಒಂದೊಂದೇ ಹೋಗಿದೆ, ಹೋಗುವವರ ಕೈಯಲ್ಲಿ. ಯಾರೂ ಸಿಗದಿದ್ರೆ ನಾನು ನಮ್ಮ ಗ್ಯಾರೇಜಿನವರ ಕೈಯಲ್ಲಿ ಕಳಿಸ್ತಿದ್ದೆ."

ಕಿಟಕಿಯ ಬಳಿಯಿಂದ ಎದುರು ಮನೆಯ ಆರನ್ ಮೆಲ್ಲನೆ ಬಾಯಿಬಿಟ್ಟ. "ಈಸ್ಟರಿಗೆ ನಾನೂ ಎರಡು ಕೊಂಡುಹೋಗಿದ್ದೆ ಅಂಕಲ್. ಏರ್‌ಪೋರ್ಟಲ್ಲಿ ಓಪನ್ ಮಾಡಿಸಿದ್ರು. ಮೆಕ್ಯಾನಿಕ್ಕಾ ಅಂತ ಕೇಳಿದ್ರು. ನಾನು ಅಕೌಂಟೆಂಟ್."

"ಸುತ್ತಿಗೆ ನಾನು," ಎಂದಳು ವೆಂಡಿ. "ಸೀರೆಯ ಒಳಗೆ."

"ನಾನೂ ಒಂದು," ಎಂದಿತು ಬೆಂಚಿನಿಂದ ಇನ್ನೊಂದು ದನಿ. ಅದರ ಹಿಂದೆ ಮತ್ತೊಂದು.

ರೊಕಿ ಕೋಣೆಯ ಸುತ್ತ ನೋಡಿದ. ಕಪ್ಪು ಬಟ್ಟೆ ಉಟ್ಟು ಕೂತ ಇಷ್ಟೂ ಜನ ಅವನ ಕಬ್ಬಿಣ ಹೊತ್ತವರು.

"ನನಗೆ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನೀವು ಬಿಡ್ತಿದ್ರಾ?" ಎಂದ ಸೇಸಪ್ಪ. "ಶೆಡ್ಡಿನಲ್ಲಿ ಎಲ್ಲ ಜೋಡಿಸಿಟ್ಟು ಕೀಲಿ ನಿಮ್ಮ ಕೈಗೆ ಕೊಡಬೇಕು, ಆಗ ನಿಮ್ಮ ಮುಖ ನೋಡಬೇಕು ಅಂತಿದ್ರು ಅಕ್ಕ. ಯಾರೂ ಬಾಯಿ ಬಿಡಬಾರದು ಅಂತ ಮಾತು ತಕ್ಕೊಂಡಿದ್ರು."

"ನಾನು ನಿನ್ನನ್ನು ಕಳ್ಳ ಅಂದಾಗಲೂ?"

"ಮಾತು ಕೊಟ್ಟಾಗಿತ್ತಲ್ಲ."

ಇದನ್ನು ಕೇಳಿ ಅವನ ಸಿಟ್ಟು ಇಳಿಯಬೇಕಿತ್ತು. ಇಳಿಯಲಿಲ್ಲ. ಇಡೀ ಕಟ್ಟಡಕ್ಕೆ ಗೊತ್ತು, ಟುಬ್ಲಿಗೆ ಗೊತ್ತು, ಕಟ್ಟಿಕೊಂಡ ಗಂಡನಿಗೆ ಮಾತ್ರ ಗೊತ್ತಿಲ್ಲ. ಒಂದು ಮಾತು ಹೇಳಿದ್ದರೆ ಅವಳ ಗಂಟೇನು ಹೋಗುತ್ತಿತ್ತು? ಹನ್ನೊಂದು ದಿನ ಬಾಯಿಗೆ ಬೀಗ ಹಾಕಿ ಕೂತವನನ್ನು ನೋಡಿಯೂ ಸುಮ್ಮನಿದ್ದಳಲ್ಲ! ಯಾರ ಮೇಲೆ ಕೂಗಾಡಲಿ ಈಗ? ಬೈಸಿಕೊಳ್ಳಬೇಕಾದವಳು ಪೆಟ್ಟಿಗೆಯಲ್ಲಿ ಮಲಗಿದ್ದಾಳೆ. ಆ ಚಹಾವನ್ನು ಒಂದು ಗುಟುಕು ಕುಡಿದಿದ್ದರೆ ಇವನ ಗಂಟಾದರೂ ಏನು ಹೋಗುತ್ತಿತ್ತು?

ಅವನು ಧೊಪ್ಪೆಂದು ನೆಲದ ಮೇಲೆ ಕೂತು ಸೂಟ್‌ಕೇಸಿನ ಜಿಪ್ಪೆಳೆದ. ಕೋಟು, ಶರ್ಟುಗಳು, ಬೂಟು ಎಲ್ಲವನ್ನೂ ಹೊರಗೆ ಎಸೆದ. ಆಮೇಲೆ ಮೇಜಿನ ಕಡೆ ಕೈ ಚಾಚಿದ.

"ಕೊಡಿ."

ಕ್ಯಾರೆನ್ ಒಂದೊಂದನ್ನೇ ಎತ್ತಿಕೊಟ್ಟಳು. ಅದನ್ನು ಕಂಡು ಬೆಂಚಿನ ಮೇಲಿದ್ದವರೂ ಕಾಲ ಬಳಿ ಅಡಗಿಸಿಟ್ಟಿದ್ದ ಪೊಟ್ಟಣಗಳನ್ನು ಒಂದೊಂದಾಗಿ ಮುಂದೆ ತಂದರು. ಅವನಿಗೆ ತುಂಬಲು ಬರುತ್ತಿರಲಿಲ್ಲ. ಹಾಲಿನ ಡಬ್ಬ ಇಟ್ಟರೆ ಯಂತ್ರ ಹಿಡಿಸದು, ಯಂತ್ರ ಇಟ್ಟರೆ ಬಾದಾಮಿ ಮೇಲೆ ಬರುತ್ತದೆ. ಎರಡು ಸಲ ಎಲ್ಲ ತೆಗೆದು ಮತ್ತೆ ಇಟ್ಟ. ಕೊನೆಗೆ ಎಲ್ಲದರ ಮೇಲೆ ಸ್ಪ್ಯಾನರು ಅಡ್ಡ ಇಟ್ಟು, ಸೇಸಪ್ಪನನ್ನು ಮುಚ್ಚಳದ ಮೇಲೆ ಕೂರಿಸಿ ಜಿಪ್ಪೆಳೆದ.

*

ಇಗರ್ಜಿಯಲ್ಲಿ ಪೆಟ್ಟಿಗೆಯ ಬಳಿ ನಿಲ್ಲಲು ಅವನಿಗೆ ಸಿಕ್ಕಿದ್ದು ಒಂದೇ ನಿಮಿಷ. ಹಿಂದೆ ಸಾಲು ಬಾಗಿಲಾಚೆಗೂ ಬೆಳೆದಿತ್ತು. "ಕ್ಲೊಟಿ," ಎಂದ. ಅಷ್ಟರಲ್ಲಿ ಒಬ್ಬಾಕೆ ಹೂವಿಡಲು ಮುಂದೆ ಬಾಗಿದಳು, ರೊಕಿ ಪಕ್ಕಕ್ಕೆ ಸರಿಯಬೇಕಾಯಿತು. ಇಲ್ಲೂ ಇವಳು ತನ್ನೊಬ್ಬನಿಗೆ ಸಿಗಲಿಲ್ಲ ಎಂದು ಹಲ್ಲು ಕಚ್ಚಿದ.

ವಿಮಾನ ನಿಲ್ದಾಣದಲ್ಲಿ ಅವಳ ದಾರಿ ಬೇರೆಯಾಯಿತು. ಕಾರ್ಗೋದವರು ಪೆಟ್ಟಿಗೆಯನ್ನು ತೂಗಿ ಅವನ ಕೈಗೊಂದು ಚೀಟಿ ಕೊಟ್ಟರು. ಒಂದು ಕಿಲೋ ಹೆಚ್ಚಾದೀತೆಂದು ಜನ್ಮವಿಡೀ ತಕ್ಕಡಿಯ ಮುಂದೆ ಉಸಿರು ಬಿಗಿಹಿಡಿದವಳ ತೂಕ ನೂರ ಹದಿನಾಲ್ಕು ಕಿಲೋ ಎಂದು ಅದರಲ್ಲಿ ಬರೆದಿತ್ತು, ಮರವೂ ಸತುವಿನ ತಗಡೂ ಸೇರಿ.

ಚೆಕ್-ಇನ್ ಕೌಂಟರಿನಲ್ಲಿ ಅವನ ಸೂಟ್‌ಕೇಸು ಮೂವತ್ತೊಂದು ತೋರಿಸಿತು.

"ವನ್ ಕಿಲೋ ಔಟ್, ಅಂಕಲ್," ಎಂದಳು ಕೌಂಟರಿನ ಹುಡುಗಿ.

"ಎಕ್ಸ್‌ಟ್ರಾ ಪೇ ಮಾಡುವ ಡ್ಯಾಡಿ," ಎಂದಳು ಕ್ಯಾರೆನ್. "ನನ್ನ ಬ್ಯಾಗೂ ಫುಲ್."

"ಬೇಡ."

ಅಲ್ಲೇ ನೆಲದ ಮೇಲೆ ಕೂತು ಜಿಪ್ಪೆಳೆದ. ವೆಂಡಿಯ ತಾಯಿಯ ಮೊಣಕಾಲು, ಬಾಣಂತಿ, ಯಾರದೋ ಮಾವನ ರಕ್ತದೊತ್ತಡ. ಯಾವುದನ್ನು ತೆಗೆಯುವುದು? ಪತ್ರಿಕೆ ಸುತ್ತಿದ ಸ್ಪ್ಯಾನರನ್ನೇ ಎತ್ತಿಕೊಂಡ. ಅದನ್ನು ಕೈಚೀಲದಲ್ಲಿ ವಿಮಾನದೊಳಗೆ ಬಿಡುವುದಿಲ್ಲ.

ಹಿಂದಿನ ಸಾಲಿನಲ್ಲಿ ಕನ್ನಡಕದ ಯುವಕನೊಬ್ಬ ನಿಂತಿದ್ದ. ಗುರುತಿನವನಲ್ಲ. ಅವನ ಸೂಟ್‌ಕೇಸಿನ ಹೊಟ್ಟೆ ಅಷ್ಟೇನೂ ಉಬ್ಬಿರಲಿಲ್ಲ. ರೊಕಿ ಎದ್ದು ಎರಡು ಹೆಜ್ಜೆ ಹೋದ, ನಿಂತ, ಮತ್ತೆ ಹೋದ. ಅರವತ್ತೆರಡು ವರ್ಷದಲ್ಲಿ ಅವನು ಯಾರ ಮುಂದೆಯೂ ಹೀಗೆ ನಿಂತವನಲ್ಲ.

"ಮಂಗಳೂರಿಗಾ? ನಿಮ್ಮದರಲ್ಲಿ ಸ್ವಲ್ಪ ಜಾಗ ಉಂಟಾ?" ಎಂದ. "ಒಂದು ಸಣ್ಣ ಪಾರ್ಸೆಲ್."

ಯುವಕ ಅನುಮಾನದಿಂದ ನೋಡಿದ. ರೊಕಿ ಹರಿದ ತುದಿಯಿಂದ ಕಬ್ಬಿಣ ತೋರಿಸಿದ. ಯುವಕ ಅದನ್ನು ಕೈಯಲ್ಲಿ ಹಿಡಿದು ತೂಗಿ, ಟೇಪಿನ ಮೇಲಿನ ಅಕ್ಷರ ಓದಿದ.

"ರೊಕಿ, ಶಿರ್ವ. ಅಲ್ಲಿ ಏರ್‌ಪೋರ್ಟಿಗೆ ಯಾರು ಬರ್ತಾರೆ ತಕ್ಕೊಳ್ಳಲಿಕ್ಕೆ?"

"ನಾನೇ," ಎಂದ ರೊಕಿ. "ಹೊರಗೆ ನಿಂತಿರ್ತೇನೆ. ನನ್ನ ಹೆಂಡತಿ ಕಳಿಸಿದ್ದು."

ಯುವಕನಿಗೆ ಅರ್ಥವಾಗಲಿಲ್ಲ. ಆದರೂ ಮಂಡಿಯೂರಿ ಸೂಟ್‌ಕೇಸು ತೆರೆದು, ಪುಟ್ಟ ಮಗುವಿನ ಫ್ರಾಕುಗಳನ್ನು ಎರಡೂ ಕಡೆಗೆ ಸರಿಸಿ, ನಡುವೆ ಒಂದು ಬೊಗಸೆ ಜಾಗ ಮಾಡಿದ.