ಹಿಂಬಾಗಿಲಿನ ರೂಮು

ಹಳ್ಳದ ಈಚೆ ದಡದಲ್ಲಿ ಇದ್ದಿಲು ಬಸ್ಸು ನಿಂತು ಒಂದು ಗಂಟೆಯಾಗಿತ್ತು. ಪೀರ್ ಪಾಷಾ ಮೂರನೆಯ ಸಲ ನೀರಿಗಿಳಿದು ನೋಡಿ ಬಂದ. ಮೊದಲ ಸಲ ನೀರು ಮೊಣಕಾಲಿನ ಕೆಳಗಿತ್ತು. ಈಗ ಮೊಣಕಾಲು ಮುಳುಗಿತ್ತು.

"ಏನಂತದೆ ಸಾಬ್ರೆ ಅಳ್ಳ?" ಡ್ರೈವರ್ ಕೆಂಪಸಿದ್ದಯ್ಯ ಕೂತಲ್ಲಿಂದಲೇ ಕೂಗಿದ.

"ಇಳೀತಾ ಇದೆ."

"ಬಾಯಲ್ಲಿ ಇಳೀತಾ ಅದೆ. ಪೈಜಾಮ ನೋಡುದ್ರೆ ತೊಡೆಗಂಟ ನೆಂದದೆ."

ಬಸ್ಸಿನಲ್ಲಿದ್ದ ಐದಾರು ಜನ ನಕ್ಕರು. ಪೀರ್ ಪಾಷಾ ನಗಲಿಲ್ಲ.

ಅವನು ಮಳವಳ್ಳಿಯ ಬಸ್ ಷೆಡ್ಡಿನ ಮೇಸ್ತ್ರಿ. ಯುದ್ಧ ಬಂದು ಪೆಟ್ರೋಲಿಗೆ ರೇಷನ್ ಆದಾಗ ಬಸ್ಸುಗಳ ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿದವನು ಅವನೇ. ಒಲೆಯ ಬೂದಿ ಬಾಗಿಲು ನೆಲದಿಂದ ಒಂದೂವರೆ ಅಡಿ ಮೇಲಿತ್ತು. ನೀರು ಅದನ್ನು ಮುಟ್ಟಿದರೆ ಕೆಂಡ ಆರುತ್ತದೆ, ಇಂಜಿನ್ ಓಡಿಸುವ ಗ್ಯಾಸು ನಿಲ್ಲುತ್ತದೆ, ಬಸ್ಸು ನಡುನೀರಿನಲ್ಲಿ ಬಂಡೆಯ ಹಾಗೆ ಕೂತುಬಿಡುತ್ತದೆ. ಇದು ಅವನಿಗೆ ಗೊತ್ತಿದ್ದಷ್ಟು ಆ ತಾಲ್ಲೂಕಿನಲ್ಲಿ ಇನ್ಯಾರಿಗೂ ಗೊತ್ತಿರಲಿಲ್ಲ. ಆದರೂ ಬಸ್ಸು ದಾಟಿಸಲೇಬೇಕೆಂದು ಅವನ ತಲೆಯಲ್ಲಿ ಕೂತಿತ್ತು.

ಡ್ರೈವರನ ಹಿಂದಿನ ಸೀಟಿಗೆ ಅಡ್ಡವಾಗಿ ಒಂದು ಹೊದಿಕೆ ಕಟ್ಟಿತ್ತು. ಅದರ ಮರೆಯಲ್ಲಿ ಅವನ ಹೆಂಡತಿ ಸರ್ವರ್ ಬೇಗಂ, ಮಗಳು ಶರೀಫುನ್ನೀಸಾ ಕೂತಿದ್ದರು. ಮಗಳಿಗೆ ಒಂಬತ್ತು ತಿಂಗಳು ತುಂಬುತ್ತಿತ್ತು. ಅಳಿಯ ಮಿಲಿಟರಿ ಲಾರಿ ಓಡಿಸುತ್ತ ಪೂನಾದಲ್ಲಿದ್ದ. ಎರಡು ವರ್ಷದ ಹಿಂದೆ ಮಳವಳ್ಳಿಯ ಮನೆಯಲ್ಲೇ ಸೂಲಗಿತ್ತಿ ಮಹಬೂಬ್ ಬೀ ಕೈಯಲ್ಲಿ ಮೊದಲನೆಯ ಹೆರಿಗೆಯಾಗಿತ್ತು. ಮಗು ಕಾಲು ಮುಂದಾಗಿ ಬಂತು, ಉಸಿರಾಡಲಿಲ್ಲ. ಈ ಸಲ ಮುದುಕಿ ಹೊಟ್ಟೆ ಸವರಿ ನೋಡಿ, "ಇದು ಅಡ್ಡ ಮಲಗಿದೆ. ನನ್ನ ಕೈಗೆ ಹಾಕಬೇಡಿ, ಮಂಡ್ಯದ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋಗಿ," ಅಂದಿದ್ದಳು.

ಮಂಡ್ಯದ ಆಸ್ಪತ್ರೆಯನ್ನು ಪೀರ್ ಪಾಷಾ ಹೋಗಿ ನೋಡಿಕೊಂಡು ಬಂದಿದ್ದ. ಹೆಂಗಸರ ವಾರ್ಡೆಂದರೆ ಒಂದೇ ದೊಡ್ಡ ಹಜಾರ, ಹನ್ನೆರಡು ಮಂಚ. ಸಾಯಂಕಾಲವಾದರೆ ಗಂಡಂದಿರು, ಅಣ್ಣತಮ್ಮಂದಿರು ಊಟದ ಕ್ಯಾರಿಯರ್ ಹಿಡಿದುಕೊಂಡು ನುಗ್ಗುತ್ತಿದ್ದರು. ತನ್ನ ಮನೆಯ ಹೆಣ್ಣು ಅಲ್ಲಿ ಮಲಗುವುದನ್ನು ನೆನೆಸಿಕೊಂಡೇ ಅವನಿಗೆ ಬೆವರು ಕಿತ್ತುಕೊಂಡಿತು. ಆಮೇಲೆ ಸ್ಟೇಷನ್ ರಸ್ತೆಯಲ್ಲಿ ರಹೀಂ ಸೇಟಿನ ಹೋಟೆಲು ಸಿಕ್ಕಿತು. ಮಹಡಿ ಕೆಳಗೆ ಒಂದು ರೂಮು, ಓಣಿಗೆ ತೆರೆಯುವ ಹಿಂಬಾಗಿಲು, ಬೇರೆ ಬಚ್ಚಲು. ಹೆಂಗಸರು ಬಂದದ್ದೂ ಹೋದದ್ದೂ ಯಾರಿಗೂ ತಿಳಿಯದು. ಅಲ್ಲಿಗೇ ಬಂದು ನೋಡುವುದಕ್ಕೆ ಡಾಕ್ಟರಮ್ಮನೂ ಒಪ್ಪಿದ್ದಳು. ಮೂರು ವಾರದ ಬಾಡಿಗೆಯನ್ನು ಮುಂಗಡವಾಗಿ ಕಟ್ಟಿಸಿಕೊಂಡು ರಹೀಂ ಸೇಟು ಚೀಟಿ ಬರೆದುಕೊಟ್ಟಿದ್ದ. ಶುಕ್ರವಾರ ದೀಪ ಹಚ್ಚುವ ಹೊತ್ತಿಗೆ ಬಂದು ಸೇರದಿದ್ದರೆ ರೂಮು ಬೇರೆಯವರಿಗೆ. ಮಳೆಯಾಗಲಿ, ಸಾವಾಗಲಿ, ಕಟ್ಟಿದ ದುಡ್ಡು ವಾಪಸು ಇಲ್ಲ.

ಇವತ್ತು ಶುಕ್ರವಾರ.

ಮಂಗಳವಾರ ಮೋಡ ಕವಿದಾಗಲೇ ಸರ್ವರ್ ಬೇಗಂ, "ಇವತ್ತೇ ಹೊರಟುಬಿಡೋಣ," ಅಂದಿದ್ದಳು. "ರೂಮು ಖಾಲಿಯಾಗೋದು ಶುಕ್ರವಾರ. ಅಲ್ಲಿವರೆಗೆ ಆ ಹಜಾರದಲ್ಲಿ ಮಲಗಿಸ್ತೀಯಾ?" ಎಂದು ಇವನು ಬಾಯಿ ಮುಚ್ಚಿಸಿದ್ದ. ಬುಧವಾರ ಹಿಡಿದ ಮಳೆ ಇನ್ನೂ ಬಿಟ್ಟಿರಲಿಲ್ಲ. ಹಳ್ಳದ ಮುಂದೆ ಕಾಯುವಾಗ ಚೀಟಿಯ ವಿಷಯ ಅವನೇ ಬಸ್ಸಿನವರಿಗೆ ಹೇಳಿದ್ದ.

"ಕೆಂಪಸಿದ್ದಯ್ಯ, ಬೂದಿ ಬಾಗಿಲಿಗೆ ಜೇಡಿಮಣ್ಣು ಮೆತ್ತಿ ಗೋಣಿ ಸುತ್ತುತೀನಿ. ಸೀಸೆಯಲ್ಲಿ ಪೆಟ್ರೋಲಿದೆ. ಈ ಐವತ್ತು ಗಜ ಪೆಟ್ರೋಲಿನ ಮೇಲೆ ಎಳೀಬಹುದು."

"ಅದು ಬೆಳಿಗ್ಗೆ ಸ್ಟಾರ್ಟ್ ಮಾಡಕೆ ಮಡಗಿರೋ ಪೆಟ್ರೋಲು. ಅರ್ಧ ಸೀಸೆ ಅದೆ. ನಡುವೆ ಮುಗುದ್ರೆ?"

"ಮುಗಿಯಲ್ಲ."

"ಬರ್ದುಕೊಡ್ತೀರಾ? ನಿಮ್ ಓಟ್ಲು ಸೇಟು ಕೊಟ್ಟಂಗೆ ನೀವೂ ಒಂದು ಚೀಟಿ ಕೊಡಿ. ಬಸ್ಸು ಮುಳುಗುದ್ರೆ ಪ್ರಾಣ ವಾಪಸಿಲ್ಲ ಅಂತ."

ಹಿಂದಿನ ಸೀಟಿನಲ್ಲಿ ಸೊಪ್ಪಿನ ಕುಕ್ಕೆ ಇಟ್ಟುಕೊಂಡಿದ್ದ ಬೆಳ್ಳಮ್ಮ, "ಅಯ್ಯೋ, ಓದ್ರೆ ಓಯ್ತದೆ ದುಡ್ಡು ಬುಡು ಸಾಬಣ್ಣ. ತುಂಬ್ದ ಬಸುರಿ ಕಟ್ಕೊಂಡು ನೀರ್ಗೆ ಇಳಿತಾನಂತೆ," ಅಂದಳು.

"ದುಡ್ಡಲ್ಲಮ್ಮ."

"ಮತ್ತೇನು?"

ಅವನು ಬೆನ್ನು ತಿರುಗಿಸಿ ಮಣ್ಣು ಕಲಸಲು ಕೂತ. ಮೋಡದ ಹಿಂದೆ ಹೊತ್ತು ಎಷ್ಟಾಗಿದೆಯೆಂದು ತಿಳಿಯುತ್ತಿರಲಿಲ್ಲ. ಮೂರಾಗಿರಬಹುದು. ಇಲ್ಲಿಂದ ಮದ್ದೂರು, ಮದ್ದೂರಿನಿಂದ ಮಂಡ್ಯ. ಈಗ ಹೊರಟರೂ ದೀಪದ ಹೊತ್ತು ಹಿಡಿಯುವುದು ಕಷ್ಟ. ಮಣ್ಣು ಮೆತ್ತಿ, ಗೋಣಿ ಸುತ್ತಿ, ಪೆಟ್ರೋಲು ಸುರಿದು ಬಂದು, "ಇಳಿ, ನಾನೇ ಓಡಿಸ್ತೀನಿ," ಅಂದ.

ಕೆಂಪಸಿದ್ದಯ್ಯ ಅವನ ಮುಖ ನೋಡಿದ. ತಮಾಷೆ ಬಿಟ್ಟು ಇಳಿದ. "ಜನಾನೆಲ್ಲ ಇಳುಸ್ಲಾ ಸಿದ್ದರಾಮು," ಎಂದು ಕಂಡಕ್ಟರಿಗೆ ಹೇಳಿದ. ಬೆಳ್ಳಮ್ಮ ಕುಕ್ಕೆ ಸಮೇತ ಇಳಿದಳು. ಹೊದಿಕೆಯ ಮರೆಯಲ್ಲಿದ್ದ ಇಬ್ಬರು ಮಾತ್ರ ಅಲ್ಲಾಡಲಿಲ್ಲ. ಅವರಿಗೆ ಯಾರೂ ಇಳಿಯಿರಿ ಎನ್ನಲಿಲ್ಲ.

ಆಗ ಆಚೆ ದಡದಲ್ಲಿ ಹಾರನ್ನು ಕೇಳಿಸಿತು. ಮಂಡ್ಯದಿಂದ ಬರುವ ಬಸ್ಸು ಬಂದು ನಿಂತಿತ್ತು. ಹಳ್ಳ ಬಂದಾಗ ಎರಡು ಬಸ್ಸಿನವರೂ ಮಾಡುತ್ತಿದ್ದುದೇ ಹಾಗೆ. ನೀರಿನಡಿ ಮುಳುಗಿದ ತಗ್ಗು ಸೇತುವೆಯ ಎರಡೂ ತುದಿಯ ಕಲ್ಲಿಗೆ ಹಗ್ಗ ಬಿಗಿದು, ಜನರನ್ನು ಅದಲುಬದಲು ಮಾಡಿಕೊಂಡು, ಬಂದ ದಾರಿಗೇ ಬಸ್ಸು ತಿರುಗಿಸುತ್ತಿದ್ದರು. ಮಗಳನ್ನು ಎಲ್ಲರೆದುರು ನೀರಿಗಿಳಿಸುವುದು ಮಾತ್ರ ಪೀರ್ ಪಾಷಾನ ಲೆಕ್ಕದಲ್ಲಿರಲಿಲ್ಲ. ಆಚೆಯ ಬಸ್ಸಿನ ಕ್ಲೀನರು ಹಗ್ಗ ಹಿಡಿದು ಈಚೆ ಬಂದು ಕಟ್ಟಿದ. ಅವನ ಹಿಂದೆ ಮರಿಯಯ್ಯ ಎಂಬ ವೀಳ್ಯದೆಲೆ ವ್ಯಾಪಾರಿ ಪೆಂಡಿ ತಲೆಯ ಮೇಲಿಟ್ಟುಕೊಂಡು ನೀರಿಗಿಳಿದ. ನಡು ಹಳ್ಳದಲ್ಲಿ ಅವನ ತೊಡೆ ಮುಳುಗಿತು. ಪೀರ್ ಪಾಷಾ ಸ್ಟೀರಿಂಗಿನ ಹಿಂದೆ ಕೂತು ಅದನ್ನು ನೋಡಿದ. ತೊಡೆ ಅಂದರೆ ಎರಡೂವರೆ ಅಡಿ. ಇಂಜಿನ್ನಿನ ಫ್ಯಾನು ನೀರು ಬಡಿಯುವಷ್ಟು.

ಅವನು ಇಳಿದು ಹೋಗಿ ಮರಿಯಯ್ಯನ ಕೈ ಹಿಡಿದು ಮೇಲಕ್ಕೆಳೆದುಕೊಂಡ. "ಮಂಡ್ಯದಲ್ಲಿ ರಹೀಂ ಸೇಟಿನ ಹೋಟೆಲು ಗೊತ್ತಾ?"

"ಅದರ ಜಗಲೀಲೇ ರಾತ್ರಿಯೆಲ್ಲ ತೂಕಡಿಸ್ದೆ ಕಣಪ್ಪ. ಅಳಿ ಮ್ಯಾಲೆ ನೀರು ಅರಿದು ಎಲ್ಡು ರೈಲು ನಿಂತೋಗವೆ. ಊರೆಲ್ಲ ಜನ."

"ಹಿಂದೊಂದು ರೂಮಿದೆ. ಓಣಿ ಕಡೆಗೆ ಬಾಗಿಲು."

"ಅದ್ನೂ ಕೊಟ್ಬುಟ್ಟ. ಯಾರೋ ಕಂಟ್ರಾಕ್ಟರು. ಬರೋರು ಮಳವಳ್ಳಿಯವ್ರು, ಮಳೇಲಿ ಎಲ್ಲಿ ಬಂದಾರು ಅಂತ ನೆನ್ನೇನೇ ಕೊಟ್ಟ."

"ನೆನ್ನೆ ಗುರುವಾರ."

"ಗುರುವಾರಾನೇ. ಯಾಕೆ, ನೀವೇನಾ ಅವ್ರು?"

ಪೀರ್ ಪಾಷಾ ರಸ್ತೆಯ ಕಲ್ಲಿನ ಮೇಲೆ ಕೂತ. ಚೀಟಿ ತೆಗೆದು ನೋಡಿದ. ಮಳೆಗೆ ನೆನೆದು ಮಸಿ ಹರಡಿತ್ತು. ಶುಕ್ರವಾರ ಎಂಬುದೊಂದು ಓದಲು ಬರುತ್ತಿತ್ತು.

ಸರ್ವರ್ ಬೇಗಂ ಹೊದಿಕೆಯ ಮರೆಯಿಂದಲೇ, "ವಾಪಸು ಹೋಗೋಣ. ಮಹಬೂಬ್ ಬೀ ಕಾಲು ಹಿಡಿದುಕೊಳ್ತೀನಿ," ಅಂದಳು.

"ಅಬ್ಬಾ," ಶರೀಫುನ್ನೀಸಾ ಕರೆದಳು. ಬೆಳಗಿನಿಂದ ಅವಳು ಆಡಿದ ಮೊದಲ ಮಾತು. "ನಾನು ಮಳವಳ್ಳಿಗೆ ಬರೋಲ್ಲ."

"ರೂಮಿಲ್ಲ ಮಗಳೇ."

"ಡಾಕ್ಟರಮ್ಮ ಇದಾರಲ್ಲ."

"ಆ ವಾರ್ಡು ನೀನು ನೋಡಿಲ್ಲ. ಗಂಡಸರು ಓಡಾಡ್ತಾರೆ..."

"ಹೋದ ಸಲ ಮಗೂಗೆ ಕಫನ್ ಬಟ್ಟೆ ಸುತ್ತಿದಾಗ ಪರದೆಗೇನೂ ಕಮ್ಮಿ ಇರಲಿಲ್ಲ ಅಬ್ಬಾ."

ಪೀರ್ ಪಾಷಾ ಎದ್ದ. ಬಸ್ಸಿನೊಳಗೆ ಹೋಗಿ ಸ್ಪ್ಯಾನರ್ ತೆಗೆದುಕೊಂಡು ಒಂದು ಹಲಗೆ ಸೀಟಿನ ನಾಲ್ಕೂ ಬೋಲ್ಟು ಬಿಚ್ಚಿದ.

"ಕಂಪ್ನಿ ಸೀಟು ಕಣ್ ಸಾಬ್ರೆ," ಸಿದ್ದರಾಮು ಅಂದ.

"ಗೊತ್ತು. ಒಂದು ಕಡೆ ಹಿಡಿ."

ಶರೀಫುನ್ನೀಸಾಳನ್ನು ಅದರ ಮೇಲೆ ಕೂರಿಸಿ ನಾಲ್ಕು ಜನ ಸೀಟನ್ನು ಹೆಗಲಿಗೇರಿಸಿಕೊಂಡರು. ಮುಂದೆ ಕೆಂಪಸಿದ್ದಯ್ಯ ಮತ್ತು ಸಿದ್ದರಾಮು, ಹಿಂದೆ ಮರಿಯಯ್ಯ ಮತ್ತು ಆಚೆಯ ಕ್ಲೀನರು. ಪೀರ್ ಪಾಷಾ ನೀರಿನ ರಭಸ ಬರುವ ಕಡೆಗೆ ನಿಂತು, ಒಂದು ಕೈಯಲ್ಲಿ ಹಗ್ಗ, ಇನ್ನೊಂದರಲ್ಲಿ ಮಗಳ ಮೊಣಕೈ ಹಿಡಿದ. ಹತ್ತು ಹೆಜ್ಜೆಗೆ ಬುರ್ಖಾದ ಅಂಚು ಜಾರಿ ಮರಿಯಯ್ಯನ ಮುಖಕ್ಕೂ ಕೈಗೂ ಸುತ್ತಿಕೊಂಡಿತು. ಸೀಟು ಒಂದು ಪಕ್ಕಕ್ಕೆ ವಾಲಿತು.

"ತಾಯಿ, ಮುಸುಕು ತೆಗಿ, ಕಣ್ ಕಾಣಾಕಿಲ್ಲ!"

ಪೀರ್ ಪಾಷಾ ಬೇಡ ಎನ್ನಲು ಬಾಯಿ ತೆರೆದ. ಅಷ್ಟರಲ್ಲಿ ಅವಳು ಅದನ್ನು ತಲೆಯ ಮೇಲಿಂದ ಎಳೆದು ಸುರುಳಿ ಸುತ್ತಿ ಹೊಟ್ಟೆಯ ಮೇಲಿಟ್ಟುಕೊಂಡಳು. ಗಂಡಸರು ಯಾರೂ ಅವಳನ್ನು ನೋಡಲಿಲ್ಲ. ನೋಡಲು ಅವರಿಗೆ ಪುರುಸೊತ್ತಿರಲಿಲ್ಲ. ಎಲ್ಲರೂ ಕಾಲಿನ ಕೆಳಗೆ ಕಲ್ಲು ಹುಡುಕುತ್ತಿದ್ದರು. ನಡುವೆ ಕೆಂಪಸಿದ್ದಯ್ಯ ಒಮ್ಮೆ ಜಾರಿದ, ಕೆಟ್ಟದಾಗಿ ಬೈದ, ಮತ್ತೆ ನಿಂತ. ಹಿಂದೆ ಸರ್ವರ್ ಬೇಗಂ ಬೆಳ್ಳಮ್ಮನ ಸೊಂಟ ತಬ್ಬಿಕೊಂಡು ದುವಾ ಹೇಳುತ್ತ ಬರುತ್ತಿದ್ದಳು.

ಆಚೆ ದಡ ಹತ್ತಿದಾಗ ಪೀರ್ ಪಾಷಾನ ಅಂಗೈ ಹಗ್ಗ ಉಜ್ಜಿ ಕಿತ್ತುಹೋಗಿತ್ತು. ಮಗಳನ್ನು ಮುಂದಿನ ಸೀಟಿನಲ್ಲಿ ಕೂರಿಸಿದರು. ಅಡ್ಡ ಕಟ್ಟಲು ಹೊದಿಕೆ ಮಳವಳ್ಳಿಯ ಬಸ್ಸಿನಲ್ಲೇ ಉಳಿದಿತ್ತು.

ಮಂಡ್ಯದ ಬಸ್ಸಿನ ಡ್ರೈವರು ತಿರುಗಿ, "ಮಂಡ್ಯದಲ್ಲಿ ಎಲ್ಲಿ ಇಳೀತೀರಾ?" ಎಂದು ಕೇಳಿದ.

ಪೀರ್ ಪಾಷಾನ ಬಾಯಿಗೆ ಸ್ಟೇಷನ್ ರಸ್ತೆ ಎಂದೇ ಬಂತು. ಸೇಟಿನ ಹತ್ತಿರ ಜಗಳವಾಡಿ ನೋಡಬಹುದು, ಇನ್ನೂ ಶುಕ್ರವಾರವೇ ಅಲ್ಲವೇ.

"ಆಸ್ಪತ್ರೆ ಬಾಗಿಲಲ್ಲಿ ನಿಲ್ಲಿಸಣ್ಣ," ಶರೀಫುನ್ನೀಸಾ ಹೇಳಿದಳು. "ಬೇಗ ಹೊಡಿ."