ಚಿಕ್ಕ ಕಾಂಗಾಗೊಂದು ಜೋಡಿ

ತಂಗಿಗೆ ಬೇಕಿದ್ದದ್ದು ಒಂದೇ ಒಂದು ದೊಡ್ಡ ಕಾಂಗಾ. ಅಷ್ಟಕ್ಕೇ ಬಡಗಿಯ ಪ್ರಾಣ ಹಿಂಡಿಬಿಟ್ಟಿದ್ದಳು. ಸೊಂಟದೆತ್ತರದ, ನಡು ಉಬ್ಬಿದ, ಬರಿಗೈಯಲ್ಲಿ ಬಾರಿಸೋ ಈ ವಾದ್ಯವನ್ನು ಮರದ ಪಟ್ಟಿ ಬಗ್ಗಿಸಿ, ಅಂಟು ಹಾಕಿ, ಮೇಲೆ ಚರ್ಮ ಎಳೆದು ಮಾಡೋದರಲ್ಲಿ ಆ ಮುದುಕ ಎತ್ತಿದ ಕೈ. ಅಂಥವನು ತಿಂಗಳಿಂದ ಒಂದೊಂದಾಗಿ ತಂದಿಡೋದು, ಇವಳು ಅದನ್ನು ತನ್ನ ಚಿಕ್ಕ ಕಾಂಗಾ ಪಕ್ಕದಲ್ಲಿಟ್ಟು ತಟ್ಟಿ ಮೂಗು ಮುರಿಯೋದು, ಇದೇ ಆಗಿಹೋಗಿತ್ತು.

ಇವತ್ತು ಮರದ ಹೊಟ್ಟು ಗುಡಿಸಿ, ಕಿಟಕಿಯ ಬೆಳಕಿಗೆ ಮತ್ತೆ ಮೂರು ನಿಲ್ಲಿಸಿದ್ದ.

“ಇದು ತೇಗದ್ದು ನೋಡಮ್ಮ. ನೂರು ವರ್ಷ ಅಲ್ಲಾಡಲ್ಲ.”

ತಂಗಿ ಅಂಗೈಯಿಂದ ನಡುವಿಗೊಂದು, ಬೆರಳಿಂದ ಅಂಚಿಗೊಂದು ಕೊಟ್ಟಳು. “ನೆಗಡಿ ಆಗಿರೋ ಹಾಗಿದೆ.”

“ಇದು?”

“ಬಾಯಿಬಡುಕ. ನನ್ನದನ್ನ ಮಾತಾಡೋಕೇ ಬಿಡಲ್ಲ.”

ಮೂರನೆಯದು ಹಗುರ ಮರದ್ದು. ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳಬೇಕು. ಏಟು ಬಿದ್ದ ಮೇಲೂ ದನಿ ಸ್ವಲ್ಪ ನಿಂತು, ಚಿಕ್ಕದರ ದನಿ ಬರೋವರೆಗೂ ಕಾದು, ಆಮೇಲೆ ಇಳಿಯುತ್ತಿತ್ತು. ತಂಗಿ ಕಣ್ಣು ಮುಚ್ಚಿ ಮತ್ತೆ ಮತ್ತೆ ತಟ್ಟಿದಳು.

“ಏನೋ ಕಡಿಮೆ ಇದೆ,” ಅಂದಳು.

“ಏನಮ್ಮ ಕಡಿಮೆ?”

“ಗೊತ್ತಿಲ್ಲ.”

ಗೊತ್ತಿಲ್ಲದೆ ಏನು! ಕಡಿಮೆ ಇದ್ದದ್ದು ಅವಳ ಅಣ್ಣನ ಕೈ. ಹಿಂದೆ ಈ ಬಡಗಿಯೇ ಒಂದು ಜೋಡಿ ಮಾಡಿಕೊಟ್ಟಿದ್ದ. ದೊಡ್ಡದು ಅಣ್ಣನಿಗೆ, ಚಿಕ್ಕದು ಇವಳಿಗೆ. ಒಂದು ಸಂಜೆ ತುಂಬಿದ ಸಭೆಯಲ್ಲಿ ಅಣ್ಣ ಮೈಕ್ ಹಿಡಿದು, “ಬಾರಿಸೋನು ನಾನು, ಇವಳು ಸುಮ್ನೆ ಪಕ್ಕದಲ್ಲಿ ತಟ್ತಾಳೆ” ಅಂದ. ಜನ ನಕ್ಕರು. ಅವನಿಗದು ತಮಾಷೆ. ಇವಳಿಗೆ ಮೈಯೆಲ್ಲ ಉರಿದುಹೋಯಿತು. ಅವತ್ತು ತನ್ನದನ್ನು ಹೊತ್ತುಕೊಂಡು ಬಂದವಳು ಮತ್ತೆ ಅವನ ಮುಖ ನೋಡಿಲ್ಲ.

ಬರೋ ಶನಿವಾರ ಇವಳದೇ ಮೊದಲ ಕಾರ್ಯಕ್ರಮ. ಎರಡನ್ನೂ ಒಬ್ಬಳೇ ಬಾರಿಸಿ, ಅವನಿಲ್ಲದೆಯೂ ಆಗುತ್ತೆ ಅಂತ ತೋರಿಸಬೇಕು. ಆದರೆ ಯಾವ ಕಾಂಗಾ ತಟ್ಟಿದರೂ ಕಿವಿ ಅವನ ಏಟಿಗೇ ಕಾಯುತ್ತಿತ್ತು. ಅಣ್ಣ ಬೇಕಾಗಿದ್ದ. ಹಾಳಾದವನು, ಬೇಕೇ ಬೇಕಾಗಿದ್ದ.

ಬಡಗಿಗೂ ತಾಳ್ಮೆ ಅಂತ ಒಂದಿರುತ್ತಲ್ಲ. “ನಿನಗಿಂತ ನಿಮ್ಮಣ್ಣನೇ ವಾಸಿ ಕಣಮ್ಮ. ಬಂದ, ಎರಡೇಟು ಹಾಕಿದ, ಚಿಕ್ಕದೊಂದು ಎತ್ಕೊಂಡು ಹೋದ.”

ತಂಗಿಯ ಕೈ ಚರ್ಮದ ಮೇಲೇ ನಿಂತುಬಿಟ್ಟಿತು. “ಯಾವಾಗ?”

“ಹೋದ ವಾರ.”

ಎರಡೇ ಏಟು. ತನ್ನ ಜಾಗಕ್ಕೆ ಇನ್ನೊಂದನ್ನು ತರೋಕೆ ಅವನಿಗೆ ಅಷ್ಟು ಸಾಕಾಯಿತು. ತಾನು ಮಾತ್ರ ಇಲ್ಲಿ ತಿಂಗಳಿಂದ ಹುಚ್ಚಿಯ ಹಾಗೆ ಹುಡುಕುತ್ತಿದ್ದಳು.

“ಹೊಂದುತ್ತಾ?” ಅಂದಳು ಸಣ್ಣಗೆ.

“ಎಲ್ಲಿಂದ ಹೊಂದುತ್ತೆ? ಒಂದು ಉತ್ತರ, ಒಂದು ದಕ್ಷಿಣ.”

ಹಾಗಾಗದೆ ಇನ್ನೇನು. ಅಣ್ಣನಿಗೆ ಕೈ ಇತ್ತೇ ಹೊರತು ಕಿವಿ ಇರಲಿಲ್ಲ. ಪ್ರತಿ ಕಾರ್ಯಕ್ರಮಕ್ಕೂ ಮುಂಚೆ ಎರಡರ ಚರ್ಮ ಎಳೆದಿಡೋ ನಟ್ಟುಗಳನ್ನೂ ಸ್ಪ್ಯಾನರ್ ಹಿಡಿದು ಬಿಗಿದು, ಸಡಿಲಿಸಿ, ಶ್ರುತಿ ಸೇರಿಸುತ್ತಿದ್ದವಳು ಇವಳು. ಅವನು ಪಕ್ಕದಲ್ಲಿ ಆರಾಮಾಗಿ ಬಾಳೆಹಣ್ಣು ತಿನ್ನುತ್ತಾ ಕೂತಿರುತ್ತಿದ್ದ.

“ನೀವು ಹೇಳಲಿಲ್ವಾ ಅವನಿಗೆ?”

“ಹೇಳದೆ ಇರ್ತೀನಾ? ಇವೆರಡೂ ಕೂಡಲ್ಲ ಕಣಪ್ಪ ಅಂದೆ. ‘ಶ್ರುತಿ ಮಾಡೋಕೆ ತಂಗಿ ಇದ್ದಾಳೆ, ಸದ್ಯಕ್ಕೆ ಮಾತು ಬಿಟ್ಟಿದ್ದಾಳೆ ಅಷ್ಟೆ’ ಅಂದ.”

ತಂಗಿ ಕಿಟಕಿಯ ಕಡೆ ತಿರುಗಿಕೊಂಡಳು. ಹೊರಗೆ ನೋಡುವಂಥದ್ದೇನೂ ಇರಲಿಲ್ಲ. ಬಡಗಿ ತನ್ನ ಪಾಡಿಗೆ ತಾನು ಒಂದು ಪಟ್ಟಿಗೆ ಮರಳುಕಾಗದ ಉಜ್ಜತೊಡಗಿದ.

“ಅಂದ್ರೆ ವಾರದಿಂದ ಹಾಗೇ ಬಾರಿಸ್ತಿದ್ದಾನಾ?”

“ಹಾಗೇ. ಇವತ್ತು ಸಂಜೆಯೂ ಎಲ್ಲೋ ಇದೆಯಂತೆ, ಹಳೇ ಸಭಾಂಗಣದಲ್ಲಿ.”

“ಮಾನ ಮರ್ಯಾದೆ ಒಂದೂ ಇಲ್ಲ ಅವನಿಗೆ,” ಅನ್ನುತ್ತಾ ತೋಳಿನಿಂದ ಮುಖ ಒರೆಸಿಕೊಂಡಳು.

ಬಡಗಿ ಮೂರನೆಯ ಕಾಂಗಾ ಮೇಲೆ ಕೈಯಿಟ್ಟ. “ಇದನ್ನೇ ಕಟ್ಟಿಕೊಡ್ಲಾ?”

“ಇವತ್ತು ಬೇಡ. ಒಂದು ಸ್ಪ್ಯಾನರ್ ಕೊಡಿ. ನನ್ನದು ಮನೇಲಿದೆ, ಅಲ್ಲಿಗೆ ಹೋಗಿ ಸಂಜೆಯೊಳಗೆ ಸಭಾಂಗಣ ಸೇರೋಷ್ಟು ಹೊತ್ತಿಲ್ಲ.”